ಮೂರನೇ ಮಹಡಿಯ ಮೆಹರ್ ಸಿಸ್ಟರ್

ಮೆಹರ್ ಸಿಸ್ಟರ್ ಡ್ಯೂಟಿಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಅರ್ಧ ಲೋಟ ಚಹಾ ಕುಡಿದು ಬಂದರೆ ಮುಗಿಯಿತು, ಮತ್ತೆ ಒಂದು ಹನಿಯೂ ಇಲ್ಲ. ಕುಡಿದರೆ ಬಾತ್‌ರೂಮಿಗೆ ಹೋಗಬೇಕು. ಹೋದರೆ ಅಷ್ಟೂ ಮಕ್ಕಳಿಗೆ ಒಬ್ಬಳೇ ನರ್ಸ್ ಉಳಿಯುತ್ತಾಳೆ. "ನನ್ನ ಕಿಡ್ನಿಗೂ ಡ್ಯೂಟಿ ಟೈಮ್ ಗೊತ್ತು ಕಣೇ," ಎಂದು ನಗುತ್ತಿದ್ದರು. ನಗುವಾಗ ಒಣಗಿ ಬಿರಿದ ತುಟಿ ಉರಿಯುತ್ತಿತ್ತೋ ಏನೋ, ಬೇಗನೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹೆಬ್ಬಾಳದ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನಮ್ಮ ನವಜಾತ ಶಿಶುಗಳ ಐಸಿಯು ಇತ್ತು. ಕೋರ್ಸ್ ಮುಗಿಸಿ ಶಿರಾದಿಂದ ಬಂದ ನನ್ನನ್ನು ಅವರ ಕೈಕೆಳಗೆ ಹಾಕಿದ್ದರು. ಅಲ್ಲಿ ಕಿಟಕಿ ತೆರೆಯುವಂತಿರಲಿಲ್ಲ. ಗಾಜಿನಾಚೆ ಮೇಲ್ಸೇತುವೆಯ ಮೇಲೆ ವಾಹನಗಳು ಸದ್ದಿಲ್ಲದೆ ನಿಂತಿರುತ್ತಿದ್ದವು. ಒಮ್ಮೆ ಒಳಗೆ ಹೋದ ಮೇಲೆ, ನಮ್ಮ ಬದಲಿಗೆ ಇನ್ನೊಬ್ಬಳು ಬಂದು ಮಕ್ಕಳನ್ನು ವಹಿಸಿಕೊಳ್ಳುವವರೆಗೆ ಬಾಗಿಲು ದಾಟುವ ಹಾಗಿರಲಿಲ್ಲ. ಎರಡು ಗಂಟೆಗೆ ಬರಬೇಕಾದವಳು ಬರದಿದ್ದರೆ ನಮಗೆ ಎರಡು ಗಂಟೆ ಆಗುತ್ತಲೇ ಇರಲಿಲ್ಲ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಆಗಾಗ ಉಸಿರಾಡುವುದನ್ನೇ ಮರೆಯುತ್ತವೆ. ಮಾನಿಟರ್ ಕೂಗಿದಾಗಲೆಲ್ಲ ನಾನು ಡಾಕ್ಟರಿಗಾಗಿ ಬಾಗಿಲತ್ತ ನೋಡುತ್ತಿದ್ದೆ. ಮೆಹರ್ ಸಿಸ್ಟರ್ ಪುಟ್ಟ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, "ಏನ್ ಗುರು, ಮರ್ತೇ ಬಿಟ್ಯಾ? ಎಳ್ಕೋ ಉಸ್ರು, ಎಳ್ಕೋ," ಎನ್ನುತ್ತಿದ್ದರು. ಗಂಡಾದರೂ ಗುರು, ಹೆಣ್ಣಾದರೂ ಗುರು.

ಹೆಬ್ಬಾಳದಾಚೆಯ ಸಿಂಗಾಪುರ ಎಂಬ ಹಳ್ಳಿಯ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಜಗಳಕ್ಕೆ ಬಂದಿದ್ದರು. "ಇಂಗೆ ಗಾಜ್ನಾಗೆ ಮಡಗಿದ್ರೆ ಮಗ ಎಂಗವ್ವಾ ಬದುಕ್ತದೆ?"

"ನಾನೂ ಇದರೊಳಗೇ ಇದೀನಲ್ಲ ಅಜ್ಜಿ, ಬದುಕಿಲ್ವಾ?" ಎಂದರು ಸಿಸ್ಟರ್. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀನೂ ಸೊರಗೋಗಿದೀಯ," ಎಂದು ಹೊರಟುಹೋದರು. ಆ ಮಾತನ್ನು ಸಿಸ್ಟರ್ ಎಷ್ಟೋ ದಿನ ಹೇಳಿಕೊಂಡು ನಕ್ಕರು.

ಕೆಲಸ ಬಿಡಬೇಕೆಂದು ಅವರು ಪ್ರಯತ್ನಿಸದೇ ಇರಲಿಲ್ಲ. ಪ್ರತಿ ಸಲವೂ ಮೇಲಿನವರು, "ಹೊಸಬರು ಬರೋವರೆಗೂ ಇರಿ ಸಿಸ್ಟರ್, ಮಕ್ಕಳ ಮುಖ ನೋಡಿ," ಎನ್ನುತ್ತಿದ್ದರು. ಹೊಸಬರು ಬರುತ್ತಿದ್ದರು, ಕೆಲಸ ಕಲಿತು ಹೊರದೇಶಕ್ಕೆ ಹಾರುತ್ತಿದ್ದರು. ಮಕ್ಕಳ ಮುಖ ನೋಡುತ್ತಾ ಸಿಸ್ಟರ್ ಉಳಿಯುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಬದಲಿಗೆ ಬರಬೇಕಾದವರು ಯಾರೂ ಬರಲಿಲ್ಲ. ಅದೇ ಹೊತ್ತಿಗೆ ಆಗಷ್ಟೇ ಹುಟ್ಟಿದ ಒಂದು ಹೆಣ್ಣುಮಗುವನ್ನು ತಂದರು. ವೆಂಟಿಲೇಟರ್ ಖಾಲಿ ಇರಲಿಲ್ಲ, ಹೊರಗಿನಿಂದ ತರಿಸಬೇಕಿತ್ತು. ಅಲ್ಲಿಯವರೆಗೆ ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಒತ್ತಿ ಉಸಿರು ಕೊಡಬೇಕು. ಡಾಕ್ಟರು ಇನ್ನೊಂದು ಹೆರಿಗೆಗೆ ಓಡಿದರು. ಸಿಸ್ಟರ್ ಚೀಲ ಹಿಡಿದು ನಿಂತರು.

ಆಗ ಇಂಟರ್‌ಕಾಮ್ ಬಡಿದುಕೊಂಡಿತು. ಕೆಳಗಿನ ಎಮರ್ಜೆನ್ಸಿಯಲ್ಲಿ ನರ್ಸ್ ಆಗಿದ್ದ ಮಂಜು. "ಮೆಹರ್ ಸಿಸ್ಟರ್‌ನ ಕಳ್ಸು, ಬೇಗ. ಅವ್ರ ತಾಯೀನ ಕರ್ಕೊಂಡ್ ಬಂದಿದಾರೆ. ಎದೆನೋವು."

ಹೇಳಿದೆ. ಅವರ ಕೈ ಒಂದು ಕ್ಷಣವೂ ತಾಳ ತಪ್ಪಲಿಲ್ಲ.

"ನಾನು ಹಿಡ್ಕೋತೀನಿ, ನೀವು ಹೋಗಿ," ಎಂದೆ.

"ಅವರನ್ನೆಲ್ಲ ಯಾರು ನೋಡ್ತಾರೆ?" ಎಂದು ಉಳಿದ ಮಕ್ಕಳತ್ತ ಗದ್ದದಿಂದಲೇ ತೋರಿಸಿದರು. ಅಷ್ಟರಲ್ಲೇ ಮೂಲೆಯ ಮಾನಿಟರ್ ಕೂಗಿತು. ಓಡಿಹೋಗಿ ಆ ಮಗುವಿನ ಅಂಗಾಲು ತಟ್ಟಿದೆ. ಬೇರೆ ವಾರ್ಡಿಗೆ ಫೋನ್ ಮಾಡಿದೆ. "ಕಳಿಸ್ತೀವಿ" ಎಂದರು. ಯಾರೂ ಬರಲಿಲ್ಲ. ಮಂಜು ಮತ್ತೆ ಫೋನ್ ಮಾಡಿ ಅವರ ತಾಯಿಯ ಕೈಗೆ ಕೊಟ್ಟ. ನಾನು ರಿಸೀವರನ್ನು ವೈರ್ ಎಳೆದಷ್ಟೂ ಎಳೆದು ಸಿಸ್ಟರ್ ಕಿವಿಗೆ ಹಿಡಿದೆ.

"ಹೌ ಅಮ್ಮಿ," ಎಂದು ತಾಯಿಗೆ ಹೂಂಗುಟ್ಟಿದರು. ಕೇಳಿಸಿಕೊಂಡರು. ಮತ್ತೆ, "ಹೌ ಅಮ್ಮಿ." ಮಾಸ್ಕಿನ ಮೇಲಂಚು ಒದ್ದೆಯಾಗುತ್ತಿತ್ತು. ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ. ನಾನೇ ಒರೆಸಿದೆ.

ಯಂತ್ರ ಬಂದು ಮಗುವಿಗೆ ಹಾಕುವಷ್ಟರಲ್ಲಿ ಹೊರಗೆ ಬಿಸಿಲು ಇಳಿದಿತ್ತು. ಸಿಸ್ಟರ್ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದರು. ತಾಯಿಯನ್ನು ಆಗಲೇ ಹೃದ್ರೋಗದ ಆಸ್ಪತ್ರೆಯೊಂದಕ್ಕೆ ಸಾಗಿಸಿಯಾಗಿತ್ತು.

ತಾಯಿ ಬದುಕಿದರು. ಮಗುವೂ ಬದುಕಿತು. ಅದನ್ನು ಮನೆಗೆ ಕಳಿಸುವ ದಿನ ಸಿಸ್ಟರ್ ರಜೆಯಲ್ಲಿದ್ದರು. ಮಗುವಿನ ಮನೆಯವರು ಅವರ ಮುಖವನ್ನೂ ನೋಡಲಿಲ್ಲ.

"ಅಮ್ಮಿ ಏನಂದ್ರು ಗೊತ್ತಾ?" ಎಂದು ಸಿಸ್ಟರ್ ನನಗೊಮ್ಮೆ ಹೇಳಿದರು. "'ಆರ್‌ಟಿ ನಗರದಿಂದ ನಾನು ಆಟೋದಲ್ಲಿ ಬಂದೆ. ನಿನಗೆ ಮೇಲಿಂದ ಕೆಳಗೆ ಬರೋದು ಅಷ್ಟು ದೂರ ಆಯ್ತಾ?' ಅಂದ್ರು. ಬೈದಿದ್ದಲ್ಲ ಕಣೇ. ನಿಜವಾಗ್ಲೂ ಅರ್ಥವಾಗದೆ ಕೇಳಿದ್ರು."

ಆ ತಿಂಗಳೇ ಕೆಲಸ ಬಿಟ್ಟರು. ಈ ಸಲ ಯಾರ ಮಾತೂ ಕೇಳಲಿಲ್ಲ. ಒಂದು ಶಾಲೆಯ ಆರೋಗ್ಯ ಕೊಠಡಿಗೆ ಸೇರಿದರೆಂದು ತಿಳಿಯಿತು.

ಹೋದ ವರ್ಷ ಸಹಕಾರನಗರದ ತರಕಾರಿ ಅಂಗಡಿಯ ಮುಂದೆ ಸಿಕ್ಕರು. ತಾಯಿಯ ತೋಳು ಹಿಡಿದು ನಿಧಾನವಾಗಿ ನಡೆಸಿಕೊಂಡು ಬರುತ್ತಿದ್ದರು. ಸ್ವಲ್ಪ ದಪ್ಪಗಾಗಿದ್ದರು.

"ಈಗ ಹೇಗಿದೆ ಸಿಸ್ಟರ್?"

"ಲೆಕ್ಕದ ಪಿರಿಯಡ್ಡು ಬಂದ್ರೆ ಸಾಕು, ಎಲ್ಲಾರ್ಗೂ ಹೊಟ್ಟೆನೋವು. ತಮ್ಮ ಕಾಲಲ್ಲಿ ತಾವೇ ನಡ್ಕೊಂಡ್ ಬಂದು ಸುಳ್ಳು ಹೇಳ್ತಾವೆ ಕಣೇ! ನೋಡೋಕೆ ಎಷ್ಟು ಚೆಂದ ಗೊತ್ತಾ?"

ಅವರ ತಾಯಿ ನನ್ನ ಕೈ ಹಿಡಿದು, "ನಿಮ್ದು ಅಮ್ಮ ಎಲ್ಲಿದ್ದಾರೆ?" ಎಂದರು.

"ಶಿರಾದಲ್ಲಿ."

"ಹೋಗ್ತೀಯಾ ನೋಡೋಕೆ?"

ಈಗ ಮೂರನೇ ಮಹಡಿಯಲ್ಲಿ ನಾನೇ ಹಿರಿಯಳು. ಆ ವರ್ಷದ ಯುಗಾದಿಗೂ ಊರಿಗೆ ಹೋಗಿರಲಿಲ್ಲ. ಸಿಸ್ಟರ್ ನನ್ನ ಮುಖ ನೋಡಿದರು, ಆಮೇಲೆ ಕೈಗಡಿಯಾರ ನೋಡಿದರು. ನೀನು ಯಾವಾಗ ಬಿಡ್ತೀಯ ಎಂದು ಕೇಳುತ್ತಾರೆಂದು ಹೆದರಿ ನಿಂತಿದ್ದೆ.

"ಮಧ್ಯಾಹ್ನದ ಡ್ಯೂಟೀನಾ?" ಎಂದರು.

ಹೌದೆಂದೆ.

"ಮತ್ತೆ ಇನ್ನೂ ಇಲ್ಲೇ ನಿಂತಿದೀಯಲ್ಲೇ! ಓಡು. ಒಳಗಿರೋಳು ಬಾಗಿಲನ್ನೇ ನೋಡ್ತಿರ್ತಾಳೆ."

ಓಡಿದೆ.