ಜೆಯಲಕ್ಷ್ಮಿ ಟೈಪ್ ಮಾಡಿದ ಗಣಿತದ ಪ್ರಶ್ನೆಪತ್ರಿಕೆ

ತಮಿಳುನಾಡಿನ ಬೋಡಿನಾಯಕನೂರಿನ ಬಸ್ ನಿಲ್ದಾಣದ ಎದುರು ಜೆಯಲಕ್ಷ್ಮಿಯ ಜೆರಾಕ್ಸ್ ಅಂಗಡಿ. ಮದುವೆ ಪತ್ರಿಕೆ, ಏಲಕ್ಕಿ ಹರಾಜಿನ ನೋಟಿಸು ಯಾರು ಬೇಕಾದರೂ ಟೈಪ್ ಮಾಡಿಯಾರು. ಗಣಿತದ ಪ್ರಶ್ನೆಪತ್ರಿಕೆ ಬಂದರೆ ಮಾತ್ರ ಬೇರೆ ಅಂಗಡಿಯವರೂ ಅವಳ ಕಡೆಗೇ ಕಳಿಸುತ್ತಾರೆ. ವರ್ಗಮೂಲದ ಚಿಹ್ನೆಗೆ 221A ಬಡಿದು ಆಲ್ಟ್ ಜೊತೆ ಎಕ್ಸ್ ಒತ್ತಬೇಕು, ≥ ಬೇಕಾದರೆ 2265. ಹದಿನೆಂಟು ವರ್ಷದಲ್ಲಿ ಎಲ್ಲ ಬಾಯಿಪಾಠವಾಗಿದೆ. ಘಾತದ ಅಂಕೆಯನ್ನು ಮೇಲಕ್ಕೆತ್ತಿ ಕೂರಿಸದೆ ಮುಂದಿನ ಸಾಲಿಗೆ ಹೋಗುವವಳಲ್ಲ ಅವಳು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ದಿನ, ಏಲಕ್ಕಿ ಆರಿಸುವ ಕೆಲಸದ ಚಿನ್ನತಾಯಿ ಮಗಳ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ ಎರಡನ್ನೂ ಹಿಡಿದು ಅಂಗಡಿಗೆ ನುಗ್ಗಿದಳು.

"ಏನಕ್ಕಾ, ನೀನು ತಪ್ಪ್ ತಪ್ಪಾಗಿ ಟೈಪ್ ಮಾಡಿ ನಮ್ ಹುಡುಗಿ ಫೇಲಾಯ್ತಲ್ಲ! ಲೆಕ್ಕ ಹೇಳೋ ಕಣಕ್ಕು ಸಾರ್ ಎಲ್ಲರ ಮುಂದೆ ಹಂಗೇ ಹೇಳಿದ್ರು."

ಜೆಯಲಕ್ಷ್ಮಿ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದಳು. x² = 49 ಇರಬೇಕಾದ ಕಡೆ x2 = 49 ಎಂದಿತ್ತು. ಹುಡುಗಿ ಅದನ್ನು ಎರಡರಷ್ಟು ಎಂದು ತಿಳಿದು 24.5 ಬರೆದಿದ್ದಳು. ಕಣ್ಣಿಗೆ ಕಂಡದ್ದನ್ನು ಸರಿಯಾಗಿಯೇ ಬಿಡಿಸಿದ್ದಳು. ಮೇಲೆ ಕೆಂಪು ಗೀಟು. ಇಂಥವು ನಾಲ್ಕು ಲೆಕ್ಕ, ಹನ್ನೊಂದು ಅಂಕ.

ಜೆಯಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ತಾನು ಕೊಟ್ಟಿದ್ದ ಪ್ರೂಫಿನ ಪ್ರತಿಯನ್ನು ಫೈಲಿನಿಂದ ತೆಗೆದುಕೊಂಡು, ಶಟರ್ ಎಳೆದು, ಚಿನ್ನತಾಯಿಯನ್ನೂ ಕರೆದುಕೊಂಡು ನೇರ ಶಾಲೆಗೆ ನಡೆದಳು. ಹೆಡ್‌ಮಾಸ್ಟರ್ ಕರುಪ್ಪಯ್ಯ, ಗಣಿತದ ಶಿವಬಾಲನ್ ಇಬ್ಬರೂ ಮನೆಯಲ್ಲಿ ಕನ್ನಡ ಆಡುವ ಅವಳ ಜನವೇ. ಶಿವಬಾಲನ್ ತಮಿಳಿನಲ್ಲಿ ಶುರುಮಾಡಿದರೂ ಅವಳು ಪ್ರೂಫನ್ನು ಅವರ ಮುಂದೆ ಹಿಡಿದು ಮನೆಯ ಕನ್ನಡದಲ್ಲೇ ಕೇಳಿದಳು.

"ಪೇಜ್ ಪೇಜಿಗೂ ಇರೋದು ನಿಮ್ ಕೈಯೆಳುತ್ತೇ ಅಲ್ವಾ ಸಾರ್?"

ಸಹಿ ಅವರದೇ. ಪ್ರೂಫಿನಲ್ಲಿ x² ನ 2 ಕೂಡ ಮೇಲೆಯೇ ಇತ್ತು.

"ನಾಲ್ಕ್ ಪೇಜನ್ನ ಎರಡಕ್ಕೆ ಇಳಿಸೋಕೆ ಲ್ಯಾಪ್‌ಟಾಪಲ್ಲಿ ಕಾಪಿ ಮಾಡಿದ್ದೆ. ಅದ್ರಲ್ಲಿ ಏನೋ ಆಗಿರ್ಬೇಕು" ಎಂದರು ಶಿವಬಾಲನ್.

"ಏನೋ ಅಲ್ಲ ಸಾರ್. ಬರೀ ಅಕ್ಷರ ಮಾತ್ರ ಎತ್ತಿ ಅಂಟಿಸಿದ್ರೆ ಮೇಲಿನ ಅಂಕೆ ಕೆಳಗ್ ಬಿದ್ದೋಗ್ತದೆ. ಅಚ್ಚಿಗ್ ಮುಂಚೆ ನೀವು ಓದ್ಲಿಲ್ಲ. ತಿದ್ದೋವಾಗ್ಲೂ ನೋಡ್ಲಿಲ್ಲ. ಬೆರಳು ಮಾತ್ರ ನನ್ ಕಡೆ ತೋರ್ಸಿದ್ರಿ!"

"ವಿಡುಮ್ಮಾ, ಬಿಟ್ಬಿಡು, ಎಲ್ಲರ್ಗೂ ಮಾರ್ಕ್ ಕೊಟ್ಬಿಡೋಣ" ಎಂದು ಕರುಪ್ಪಯ್ಯ ಸಮಾಧಾನ ಹೇಳಿದರು. ಅಂಕ ಸಿಕ್ಕಿತು, ಚಿನ್ನತಾಯಿಯ ಮಗಳು ಪಾಸಾದಳು. ಆದರೆ ಮರುದಿನ ಶಾಲೆಯ ಸೂಚನಾ ಹಲಗೆಯ ಮೇಲೆ ಅಂಕ ಕೊಟ್ಟದ್ದು 'ಟೈಪಿಂಗ್ ದೋಷದಿಂದ' ಎಂದು ಬರೆದಿತ್ತು. ಜೆಯಲಕ್ಷ್ಮಿ ಮತ್ತೆ ಹೋಗಿ ಜಗಳ ತೆಗೆದಳು. ಕರುಪ್ಪಯ್ಯ ಅದನ್ನು ಅಳಿಸಿ 'ಅಚ್ಚಿನ ದೋಷದಿಂದ' ಎಂದು ಬರೆಸಿದರು.

"ಮಿಷನ್ ಬಾಯ್ಬಿಡಲ್ಲ ಅಂತ ಅದರ ತಲೆಗೆ ಕಟ್ಟಿದ್ರಾ? ಈ ಸಾರ್ ಕ್ಲಾಸಲ್ಲಿ ನಿಂತು ತಪ್ಪು ತನ್ನದು ಅನ್ನೋ ತನಕ ನಿಮ್ ಸ್ಕೂಲ್ ಪೇಪರ್ ಮುಟ್ಟಲ್ಲ."

ಶಿವಬಾಲನ್ ಹೇಳಲಿಲ್ಲ. ವಾರ್ಷಿಕ ಪರೀಕ್ಷೆಯ ಪತ್ರಿಕೆ ಟೈಪಿಂಗಿಗೆ ತೇನಿ ಪಟ್ಟಣಕ್ಕೆ ಹೋಯಿತು. ಚಿನ್ನತಾಯಿ ಮಾತ್ರ ಏಲಕ್ಕಿ ಆರಿಸುವ ಹೆಂಗಸರಿಗೆಲ್ಲ ನಡೆದದ್ದನ್ನು ಸಾರಿಕೊಂಡು ಬಂದು, "ಈಗಾದ್ರೂ ಸಿಟ್ಟು ಇಳೀತಾ ಅಕ್ಕಾ?" ಎಂದಳು.

"ನೀನು ಹೇಳಿ ಏನ್ ಬಂತು? ಹೇಳ್ಬೇಕಾದೋರು ಹೇಳ್ಲಿಲ್ವಲ್ಲ" ಎಂದಳು ಜೆಯಲಕ್ಷ್ಮಿ.