ಶಿವದೇವಕ್ಕ ಬರೆದ ಮದುವೆ

ತಪ್ಪು ನನ್ನದೇ. ಬೇರೆಯವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ. ಹೈದರಾಬಾದಿನ ನಾಚಾರಂನ ನಮ್ಮ ಓಣಿಯಲ್ಲಿ ಎರಡು ಮನೆ ಆಚೆಗಿರುವ ಶಿವದೇವಕ್ಕನಿಗೆ ಮೊಬೈಲಿನಲ್ಲಿ ಪ್ರೇಮ ಕಾದಂಬರಿ ಓದುವ ಚಟ ಹತ್ತಿಸಿದವಳು ನಾನು. "ನೀನೂ ಬರಿ ಅಕ್ಕಾ, ಅದೇನು ಬ್ರಹ್ಮವಿದ್ಯಾ ಐತಿ?" ಎಂದು ಹುರಿದುಂಬಿಸಿದವಳೂ ನಾನು. ಕೊನೆಗೆ "ನಿನ್ನ ಗಂಡನ್ನ ಕೇಳು" ಎಂದವಳೂ ನಾನೇ. ನನ್ನ ಬಾಯಿಗೆ ಬೆಂಕಿ ಹಾಕಬೇಕು.

ನಾವಿಬ್ಬರೂ ವಿಜಯಪುರದ ಕಡೆಯವರು. ಆಕೆಯ ಗಂಡ ಶಿವಶರಣಪ್ಪ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತು ಈಗ ನಿವೃತ್ತರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಶಿವದೇವಕ್ಕ ಹಾಗಲ್ಲ. ಹೈದರಾಬಾದಿನಲ್ಲಿ ನಮ್ಮ ಕಡೆಯವರ ಮದುವೆಯಿರಲಿ, ಬಸುರಿಯರ ಕುಬುಸವಿರಲಿ, ಗಂಡನ ಹೆಸರು ಹೇಳಲು ನಾಚುವ ಹುಡುಗಿಯರಿಗೆ ಒಡಪು ಕಟ್ಟಿಕೊಡಲು ಆಕೆಯೇ ಬೇಕು. "ಹಂಚಿನ ಮ್ಯಾಲಿನ ರೊಟ್ಟಿ ಉಬ್ಬತೈತಿ ಪುಸುಪುಸು, ವಿಶ್ವಜಿತ್ ರಾಯರ ಹೆಸರು ಹೇಳಾಕ ಮನಸು ಗುಸುಗುಸು" ಎಂದು ನಿಂತ ನಿಲುವಿನಲ್ಲೇ ಕಟ್ಟಿ ಹುಡುಗಿಯ ಕಿವಿಯಲ್ಲಿ ಊದುತ್ತಿದ್ದಳು. ಆದರೆ ತನ್ನ ಗಂಡನ ಹೆಸರನ್ನು ಒಡಪಿನ ಹೊರಗೆ ಒಂದು ಸಲವೂ ಎತ್ತಿದವಳಲ್ಲ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಕೆಯ ಅವ್ವ ಹೇಳಿಕೊಟ್ಟಿದ್ದಳು. ಶಿವಶರಣಪ್ಪನವರೂ ಆಕೆಯನ್ನು "ಏ, ಕೇಳಿಲ್ಲಿ" ಎಂದೇ ಕರೆಯುತ್ತಿದ್ದರು.

ಆಕೆ ಕಾದಂಬರಿ ಓದುತ್ತಿದ್ದ ಆ್ಯಪಿನವರು ಭಾನುವಾರ ಮೊಬೈಲಿನಲ್ಲೇ ಕಾದಂಬರಿ ಬರೆಯುವ ತರಬೇತಿ ಕೊಡುತ್ತಿದ್ದರು. ಬೆಂಗಳೂರಿನ ಶ್ರೀಹರ್ಷ ಎಂಬ ಹುಡುಗ ಮೇಷ್ಟ್ರು. ಮೊದಲ ಅಧ್ಯಾಯದಲ್ಲೇ ಇಬ್ಬರೂ ಎದುರಾಗಬೇಕು, ಪ್ರತಿ ಅಧ್ಯಾಯದ ಕೊನೆಗೆ ಓದುಗರು ಉಸಿರು ಹಿಡಿಯಬೇಕು, ಏನೇ ಆಗಲಿ ಕೊನೆಗೆ ಮದುವೆ ಆಗಲೇಬೇಕು ಎಂದು ಅವನು ಹೇಳಿದ್ದನ್ನೆಲ್ಲ ಶಿವದೇವಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕುಕ್ಕರ್ ಕೂಗುವವರೆಗೆ ಒಂದು ಪುಟ, ಬೇಳೆ ಬೇಯುವವರೆಗೆ ಇನ್ನೊಂದು ಪುಟ. ಟೈಪು ಮಾಡುವುದು ನನ್ನ ಪಾಲಿಗೆ.

ಇಪ್ಪತ್ತು ಅಧ್ಯಾಯ ಕಳಿಸಿದ ಮೇಲೆ ಶ್ರೀಹರ್ಷ ಫೋನು ಮಾಡಿದ. "ಮೇಡಂ, ಇವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯೋದೇ ಇಲ್ವಲ್ಲ! ಇವರು ಪ್ರೀತಿ ಮಾಡ್ತಿದಾರಾ, ಜಗಳ ಆಡಿಕೊಂಡಿದಾರಾ?"

"ಹೆಸರು ಹಿಡದ ಕರದ್ರ ಮರ್ಯಾದಿ ಎಲ್ಲಿ ಉಳೀತ್ರೀ ಸರ?" ಎಂದಳು ಈಕೆ. ಪೂರಾ ಗಾಬರಿಯಾಗಿದ್ದಳು.

ಹೆಸರಿನ ಮಾತು ಹಾಗೇ ಬಿಟ್ಟು ಉಳಿದದ್ದನ್ನು ತಿದ್ದಿ, ಮುಂದಿನ ಅಧ್ಯಾಯವನ್ನೂ ಸೇರಿಸಿ ಕಳಿಸಿದೆವು. ಮತ್ತೆ ವಾಪಸು ಬಂತು. ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ನಾಯಕ ತನ್ನ ಪ್ರೀತಿ ಹೇಳಿಕೊಳ್ಳಬೇಕಿತ್ತು. ಆತ ನಾಯಕಿಯ ಎದುರು ನಿಂತು "ಊಟ ಆತೇನು?" ಎಂದು ಕೇಳಿ ಹೋಗಿಬಿಟ್ಟಿದ್ದ. "ಇದು ಪ್ರೇಮ ನಿವೇದನೆಯಾ ಮೇಡಂ? ಇನ್ನೊಂದೇ ಸಲ ನೋಡ್ತೀನಿ. ಆಗಲಿಲ್ಲ ಅಂದ್ರೆ ಬಿಟ್ಬಿಡಿ" ಎಂದ ಶ್ರೀಹರ್ಷ.

ಅವತ್ತು ಶಿವದೇವಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. "ಊಟ ಆತೇನು ಅಂತ ಕೇಳೂದು ಪ್ರೀತಿ ಅಲ್ಲೇನು ಅನುರಾಧಾ? ನಮ್ಮವರು ಇಪ್ಪತ್ತೇಳು ವರ್ಷ ನನಗ ಅದನ್ನ ಕೇಳ್ಯಾರ. ನಮ್ಮ ಮನ್ಯಾಗ ಬಾಯಿಲೆ ಹೇಳೂದಿಲ್ಲ, ಅಷ್ಟ. ಪ್ರೀತಿ ಇಲ್ಲದ ಏನಿಲ್ಲ." ಆಕೆಗೆ ಬೇಕಾಗಿದ್ದದ್ದು ಬರೀ ಕಾದಂಬರಿಯಲ್ಲ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ನನ್ನ ತಲೆಯಲ್ಲಿ ಬುದ್ಧಿ ಇದ್ದರೆ ತಾನೆ! "ಇಲ್ಲದ ಏನಿಲ್ಲ ಅಂದ್ರ ಹೋಗಿ ಅವರನ್ನ ಕೇಳು. ಒಂದು ಸಲ ಬಾಯಿ ಬಿಡ್ಲಿ" ಎಂದುಬಿಟ್ಟೆ.

ಮರುದಿನ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೋದಳು. ಒಬ್ಬಳಿಗೇ ಧೈರ್ಯ ಸಾಲದು. ಶಿವಶರಣಪ್ಪನವರು ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದರು. "ಏನ್ರೀ, ಕತಿಯೊಳಗ ಹುಡುಗ ಹುಡುಗಿಗಿ ಮನಸು ಬಿಚ್ಚಿ ಹೇಳಬೇಕು. ನೀವಾಗಿದ್ರ ಏನಂತಿದ್ರಿ?" ಎಂದಳು. ಕಿವಿಯವರೆಗೂ ಕೆಂಪೇರಿದ್ದಳು. ಐವತ್ತರ ಹೆಂಗಸು, ನೋಡಿ ನನಗೆ ನಗು ಬಂತು.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಸಿ ಕೆಳಗಿಟ್ಟರು. "ಹುಡುಗಿ ಹೆಸರೇನು?"

"ಇನ್ನೂ ಇಟ್ಟಿಲ್ರೀ."

"ಕಮಲಾಕ್ಷಿ ಅಂತ ಇಡು." ಒಂದು ಗಳಿಗೆಯೂ ಯೋಚಿಸಲಿಲ್ಲ. ಆಮೇಲೆ ಗೋಡೆ ನೋಡುತ್ತ ಹೇಳತೊಡಗಿದರು. "ಹಿಂಗ ಬರಿ. ಕಮಲಾ, ನಿನ್ನ ಕಾಲೇಜು ಬಿಡೂದು ನಾಲ್ಕಕ್ಕ. ನಾ ಮೂರಕ್ಕ ಬಂದು ಬೇವಿನ ಗಿಡದ ಕೆಳಗ ನಿಂದರ್ತೀನಿ. ಆ ಒಂದು ತಾಸು ಕಾಯೂದರಾಗ ನನಗ ಎಷ್ಟು ಸುಖ ಐತಿ ನಿನಗ ಗೊತ್ತಿಲ್ಲ. ನೀ ನನ್ನ ಕಡೆ ನೋಡದಿದ್ರೂ ನಡೀತೈತಿ ಕಮಲಾ. ದಾರಿ ಮಾತ್ರ ಬದಲಿ ಮಾಡಬ್ಯಾಡ."

ಶಿವದೇವಕ್ಕ ಓದಿದ್ದು ಏಳನೆಯ ಇಯತ್ತೆ. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆಕೆ ತಲೆ ಎತ್ತದೆ ಒಂದಕ್ಷರ ಬಿಡದಂತೆ ಬರೆದುಕೊಂಡಳು. ಹೆಸರೇ ಹಿಡಿಯದ ಬಾಯಿ ಎಂದು ನಂಬಿದ್ದ ಬಾಯಿಯಿಂದ ಆ ಹೆಸರು ಮೂರು ಸಲ ಬಂದಿತ್ತು. ಶಿವಶರಣಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಆ ಅಧ್ಯಾಯ ಒಪ್ಪಿಗೆಯಾಯಿತು. ಕಾದಂಬರಿ ದಿನಕ್ಕೊಂದು ಅಧ್ಯಾಯದಂತೆ ಬರತೊಡಗಿತು. ಇಪ್ಪತ್ತೊಂದನೆಯದು ಬಂದ ದಿನ ಓದುಗರು ಮುಗಿಬಿದ್ದರು. "ಇಂಥ ಪ್ರೀತಿ ಕಂಡ ಲೇಖಕಿಯೇ ಪುಣ್ಯವಂತೆ" ಎಂದು ಯಾರೋ ಬರೆದಿದ್ದರು. ನಾನೊಬ್ಬಳು ಮೂರ್ಖಿ, ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಂದು ತಾಸು ಮೊದಲ ಬಂದು ನಿಂದರತಿದ್ರಂತ. ನಾ ತವರಿಂದ ಬರೂವಾಗ ಒಂದು ದಿನ ಬಸ್ ಸ್ಟ್ಯಾಂಡಿಗಿ ಬಂದವರಲ್ಲ ನೋಡು" ಎಂದಳು.

"ಬಿಟ್ಟುಬಿಡಕ್ಕಾ, ಸುಡು ಆ ಕಾದಂಬರಿ!" ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಆಕೆ ಬಿಡುವ ಹಾಗಿರಲಿಲ್ಲ. ಎಂದೂ ಆಕೆಯ ನೋಟ್‌ಬುಕ್ಕಿನ ಕಡೆ ಕಣ್ಣು ಹಾಯಿಸದ ಶಿವಶರಣಪ್ಪನವರು ಈಗ ದಿನಾ ಊಟಕ್ಕೆ ಕೂತಾಗ "ಮುಂದ ಏನಾತು?" ಎಂದು ಕೇಳುತ್ತಿದ್ದರು. ಇಪ್ಪತ್ತೇಳು ವರ್ಷಗಳಲ್ಲಿ ಅವರು ಆಕೆಯೊಡನೆ ಅಷ್ಟು ಮಾತಾಡಿದ್ದೇ ಇಲ್ಲ.

ಕೊನೆಯ ಅಧ್ಯಾಯದಲ್ಲಿ ಕಮಲಾಕ್ಷಿಯನ್ನು ಬೇರೆಯವನಿಗೆ ಕೊಟ್ಟು ಮದುವೆ ಮಾಡುತ್ತೇನೆಂದು ಶಿವದೇವಕ್ಕ ಹಟ ಹಿಡಿದಳು. ಶ್ರೀಹರ್ಷ ಒಪ್ಪಲಿಲ್ಲ. "ಓದುಗರು ಕಲ್ಲು ಹೊಡೀತಾರೆ ಮೇಡಂ. ಅವರಿಬ್ಬರಿಗೂ ಮದುವೆ ಮಾಡಿ, ಚೆನ್ನಾಗಿ ಮಾಡಿ." ಚೆನ್ನಾಗಿಯೇ ಮಾಡಿದಳು. ಹಂದರ, ಬಾಸಿಂಗ, ಸುರಗಿ ನೀರು, ಹೆಣ್ಣಿನ ಕೈಗೆ ಹಸಿರು ಬಳೆ, ಜೋಡಿಯ ತಲೆಯ ಮೇಲೆ ಬೀಳುವ ಅಕ್ಕಿಕಾಳು, ಒಂದನ್ನೂ ಮರೆಯಲಿಲ್ಲ. ತನ್ನ ಗಂಡನನ್ನು ತಾನೇ ಕೈಯಾರೆ ಇನ್ನೊಬ್ಬಳಿಗೆ ಕೊಟ್ಟು ಮೂರು ದಿನ ಕೂತು ಬರೆದಳು.

ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿದಳಂತೆ. ಮುಗಿಸಿ ನೇರ ನಮ್ಮ ಮನೆಗೆ ಬಂದು ಬಾಗಿಲ ಹತ್ತಿರವೇ ಕೂತಳು.

"ಏನಂದ್ರು?" ಎಂದು ಕೇಳಿದೆ.

"ಅಕ್ಕಿಕಾಳು ಬೀಳೂದು ಓದೂವಾಗ ಕಣ್ಣಾಗ ನೀರು ತಂದ್ರು." ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮ ಲಗ್ನದಾಗೂ ಅಕ್ಕಿಕಾಳು ಬೀಳೂವಾಗ ಹಿಂಗ ಅತ್ತಿದ್ರು, ಅನುರಾಧಾ. ಇಷ್ಟು ವರ್ಷ ನಾ ಅದನ್ನ ಖುಷಿಗೆ ಅಂತ ತಿಳಕೊಂಡಿದ್ನವ್ವಾ."