ಮಂಡಿನೋವಿನ ಬೋರಿಂಗು

ನಮ್ಮ ನೀಲಾಂಬಿಕೆಯ ತಲೆಗೆ ಒಂದು ಹುಳ ಹೊಕ್ಕರೆ ಮುಗಿಯಿತು, ಅದು ಹೊರಬರುವ ತನಕ ಅವಳೂ ಸುಮ್ಮನಿರುವುದಿಲ್ಲ, ಊರನ್ನೂ ಬಿಡುವುದಿಲ್ಲ. ಹಿರೀಸಾವೆ ಪಕ್ಕದ ನಮ್ಮ ಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಎಂಬತ್ತು ಮನೆಯ ಕಾಯಿಲೆ ಕಸಾಲೆಯೂ ಅವಳಿಗೆ ಬಾಯಿಪಾಠ.

ಹೋದ ವರ್ಷ ಮನೆಮನೆ ಸುತ್ತಿ ಸರ್ವೆ ಮಾಡಿದವಳೂ ಅವಳೇ. ಮೇಲಿನ ಬೀದಿಯ ಬೋರಿಂಗ್ ಕೈಪಂಪಿನ ನೀರು ಕುಡಿಯುವ ಇಪ್ಪತ್ತು ಮನೆಗಳ ಪೈಕಿ ಹದಿನೆಂಟರಲ್ಲಿ ಮಂಡಿನೋವು. ಊರಾಚೆಯ ಘಟಕದಿಂದ ಫಿಲ್ಟರ್ ನೀರು ತರುವ ಅರವತ್ತು ಮನೆಗಳಲ್ಲಿ ಬರೀ ಒಂಬತ್ತು. ಪಂಚಾಯ್ತಿ ಮೆಂಬರ್ ಕಾಂತರಾಜು ಹಾಳೆ ನೋಡಿ ಮೇಜು ಕುಟ್ಟಿದ.

"ಇನ್ನೇನ್ ಬೇಕು? ಆ ನೀರೇ ವಿಷ ಕಣಕ್ಕ! ಸೋಮವಾರ ಬೋರಿಂಗ್ ಹಿಡಿ ಬಿಚ್ಚಾಕಿಸ್ತೀನಿ."

ಪಂಚಾಯ್ತಿಯಲ್ಲಿ ಬರೆಯುವ ಕೆಲಸದ ನಾನೂ ತಲೆಯಾಡಿಸಿದೆ, ಸುಳ್ಳೇಕೆ ಹೇಳಲಿ. ಲೆಕ್ಕ ಅಷ್ಟು ಚೆನ್ನಾಗಿ ಕೂತಿತ್ತು.

ಹಿಡಿ ಬಿಚ್ಚಿದರೆ ಆ ಇಪ್ಪತ್ತು ಮನೆಯವರು ನೀರಿಗೆ ಅರ್ಧ ಮೈಲಿ ನಡೆಯಬೇಕು. ಅವರು ಈ ನೀರನ್ನೇ ಕುಡಿಯುವುದು ಬರೀ ಹತ್ತಿರವಿದೆ ಎಂದೋ, ಬೇರೇನಾದರೂ ಕಾರಣವಿದೆಯೋ ಎಂಬ ಹುಳ ನೀಲಾಂಬಿಕೆಯ ತಲೆಗೆ ಹೊಕ್ಕಿತು. ಭಾನುವಾರ ಬೆಳಿಗ್ಗೆಯೇ ಹೊರಟಳು. ಬೋರಿಂಗ್ ಕಟ್ಟೆಯ ಮೇಲೆ ಕಾಮಾಕ್ಷಮ್ಮ ಕಾಲು ಚಾಚಿ ಕೂತಿದ್ದರು.

"ಅಜ್ಜಿ, ಈ ನೀರು ಯಾವಾಗಿಂದ ಕುಡೀತಿದ್ದೀರಿ?"

"ದೀಪಾವಳಿಯಿಂದ ಕಣವ್ವ. ಮಂಡಿ ಇಡ್ಕಂಡ್ ಮ್ಯಾಲೆ ಆ ಕ್ಯಾನು ಒತ್ಕಂಡು ಅಷ್ಟು ದೂರದಿಂದ ಬರಕ್ಕಾಯ್ತದಾ? ಅದ್ಕೂ ಮುಂಚೆ ನಾನೂ ಫಿಲ್ಟರ್ ನೀರೇ ಕುಡೀತಿದ್ದೆ."

ಅಯ್ಯೋ! ಈ ನೀರಿನಿಂದ ನೋವು ಬಂದಿರಲಿಲ್ಲ, ನೋವು ಬಂದಿದ್ದಕ್ಕೇ ಈ ನೀರಿಗೆ ಬಂದಿದ್ದರು. ಒಬ್ಬರ ಮಾತು ಸಾಲದೆಂದು ಹದಿನೆಂಟು ಮನೆಯನ್ನೂ ಮತ್ತೆ ಸುತ್ತಿದಳು. ಹದಿನಾರರಲ್ಲಿ ಅದೇ ಉತ್ತರ. ಎರಡರಲ್ಲಿ ನೆನಪಿಲ್ಲ ಎಂದರು.

ಸಂಜೆ ಕಾಂತರಾಜು ರೇಗಿದ. "ಬರ್ಕೊಂಡ್ ಬಂದಿದ್ದು ನೀನೇ ತಾನೆ?"

"ಹೂಂ ಕಾಂತಣ್ಣ, ನಾನೇ. ಮಂಡಿ ನೋಯ್ತದಾ ಅಂದೆ, ಯಾವ ನೀರು ಅಂದೆ. ಯಾಕೆ ಅಂತ ಒಬ್ರನ್ನೂ ಕೇಳ್ಲಿಲ್ಲ." ಅವಳಿಗೆ ನಾಚಿಕೆಯಾಗಿತ್ತು. "ನೀರು ಒಳ್ಳೇದು ಅಂತಾನೂ ನಾನು ಹೇಳ್ತಿಲ್ಲ. ಅದನ್ನ ಲ್ಯಾಬಿನೋರು ಹೇಳ್ಲಿ. ಕೆಟ್ಟದ್ದು ಅಂತ ಈ ಹಾಳೆ ಹೇಳಲ್ಲ, ಅಷ್ಟೆ."

ಒಂದು ಬಾಟಲಿ ನೀರು ಹಾಸನಕ್ಕೆ ಹೋಯಿತು. ಹಿಡಿ ಉಳಿಯಿತು. ಎರಡು ವಾರಕ್ಕೆ ವರದಿ ಬಂತು, ಕುಡಿಯಲು ಯೋಗ್ಯ. ನಾವು ಮೂವರೂ ಗೆದ್ದವರ ಹಾಗೆ ಅದನ್ನು ಹಿಡಿದು ಕಾಮಾಕ್ಷಮ್ಮನ ಮನೆಗೆ ಹೋದೆವು.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಂಡಿ ನೀವಿಕೊಳ್ಳುತ್ತಾ ಕೇಳಿದರು: "ನೀರಿನ್ ಕತೆ ಆಯ್ತಲ್ಲಪ್ಪ. ನನ್ ಮಂಡಿಗೇನ್ ಮಾಡ್ತೀರಿ?"

ಅದನ್ನು ನಾವ್ಯಾರೂ ಯೋಚಿಸಿರಲಿಲ್ಲ.